ಫೋಟೋ ಕೆಡದಂತೆ ಇಡಲು ಯಾವ ಫಾರ್ಮ್ಯಾಟು? ಜೆಪೆಗ್‌ಗಳನ್ನೆಲ್ಲ ಟಿಫ್‌ಗೆ ಬದಲಿಸಬೇಕೇ?

ನಾಲ್ಕುನಾಡು ಕೇಳಿದ್ದು:

ಮಡಿಕೇರಿಯಲ್ಲಿ ನಮ್ಮ ಒಕ್ಕದ (ಮನೆತನದ) ಫೋಟೋಗಳನ್ನೆಲ್ಲ ಒಂದೇ ಕಡೆ ಸೇರಿಸುತ್ತಿದ್ದೇವೆ. ಈಗ ಇರುವುದು ಇಷ್ಟು: 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲುಗಳು (ಸೆನ್ಸರಿನ ಹಸಿ ಮಾಹಿತಿ) ಸುಮಾರು 180 ಜಿಬಿ, ಕ್ಯಾಮೆರಾ ಮತ್ತು ಮೊಬೈಲುಗಳ ಜೆಪೆಗ್ ಸುಮಾರು 200 ಜಿಬಿ, ಐಫೋನಿನ ಎಚ್‌ಇಐಸಿ ಸ್ವಲ್ಪ, ವಾಟ್ಸಾಪಿನಲ್ಲಿ ಬಂದವು ಒಂದಷ್ಟು. ಐನ್‌ಮನೆಯ (ಮನೆತನದ ಮೂಲಮನೆಯ) ಹಳೆಯ ಆಲ್ಬಮ್ಮುಗಳೂ ನೆಗೆಟಿವ್‌ಗಳೂ ಇನ್ನು ಸ್ಕ್ಯಾನ್ ಆಗಬೇಕು. ಇಡಲು 1 ಟಿಬಿಯ ಒಂದು ಹೊರಗಿನ ಹಾರ್ಡ್‌ಡಿಸ್ಕ್ ಇದೆ.

ಜೆಪೆಗ್ ಪ್ರತಿ ಸಲ ತೆರೆದಾಗಲೂ ಸ್ವಲ್ಪ ಸ್ವಲ್ಪ ಕೆಡುತ್ತದೆ, ಹಾಗಾಗಿ ಎಲ್ಲವನ್ನೂ ಟಿಫ್ ಅಥವಾ ಪಿಎನ್‌ಜಿ ಮಾಡಿಡಿ ಎಂದು ಒಬ್ಬರು ಹೇಳಿದರು. ಇದು ನಿಜವೇ? ರಾ ಫೈಲನ್ನು ಹಾಗೆಯೇ ಇಡುವುದೋ, ಡಿಎನ್‌ಜಿ (ಎಲ್ಲ ಕ್ಯಾಮೆರಾಗಳಿಗೂ ಹೊಂದುವ ರಾ ಫಾರ್ಮ್ಯಾಟು) ಮಾಡುವುದೋ? ಸ್ಕ್ಯಾನ್ ಯಾವುದರಲ್ಲಿ ಮಾಡಬೇಕು? ಐವತ್ತು ವರ್ಷದ ಮೇಲೆ ತೆರೆದರೂ ಇವತ್ತು ಕಂಡಂತೆಯೇ ಕಾಣಬೇಕು ಎನ್ನುವುದು ನಮ್ಮ ಆಸೆ.

ಬ್ರಹ್ಮಗಿರಿ ಉತ್ತರ:

ಜೆಪೆಗ್ ತೆರೆದು ನೋಡಿದರೆ ಏನೂ ಹೋಗುವುದಿಲ್ಲ. ನಕಲು ಮಾಡಿದರೆ, ಹೆಸರು ಬದಲಿಸಿದರೆ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ನೂರು ಸಲ ಹಾಕಿದರೆ, ಆಗಲೂ ಒಂದು ಬಿಟ್ಟೂ ಬದಲಾಗದು. ನಷ್ಟ ಆಗುವುದು ಫೋಟೋವನ್ನು ಎಡಿಟರಿನಲ್ಲಿ ತೆರೆದು ಮತ್ತೆ ಜೆಪೆಗ್ ಆಗಿಯೇ ಸೇವ್ ಮಾಡಿದಾಗ ಮಾತ್ರ.

ಯಾಕೆ ಎಂದು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತದೆ, ಪ್ರತಿ ಚೌಕದ ಸೂಕ್ಷ್ಮ ಏರಿಳಿತಗಳನ್ನು ಸಂಖ್ಯೆಗಳಾಗಿ ಮಾಡಿ ಆ ಸಂಖ್ಯೆಗಳನ್ನು ಒರಟಾಗಿ ಪೂರ್ಣಾಂಕಕ್ಕೆ ತಳ್ಳುತ್ತದೆ. ಹಾಗೆ ತಳ್ಳಿದಾಗ ಬಿಟ್ಟುಹೋದದ್ದು ಮತ್ತೆ ಸಿಗುವುದಿಲ್ಲ. ಗುಣಮಟ್ಟ 100 ಎಂದು ಕೊಟ್ಟರೂ ನಷ್ಟವಿಲ್ಲದ ಫೈಲ್ ಆಗದು. ಬಣ್ಣದ ಲೆಕ್ಕ ಬದಲಿಸುವಾಗಲೂ ಪೂರ್ಣಾಂಕ ಮಾಡುವಾಗಲೂ ಸ್ವಲ್ಪ ಹೋಗೇ ಹೋಗುತ್ತದೆ. ಇನ್ನೊಂದು ಮಾತು: ಏನೂ ತಿದ್ದದೆ ಅದೇ ಗುಣಮಟ್ಟದಲ್ಲಿ ಮತ್ತೆ ಮತ್ತೆ ಸೇವ್ ಮಾಡಿದರೆ ಕೆಲವು ಸಲದ ನಂತರ ನಷ್ಟ ಬಹುತೇಕ ನಿಲ್ಲುತ್ತದೆ. ಆದರೆ ಎಡಗಡೆಯಿಂದ 3 ಪಿಕ್ಸೆಲ್ ಕ್ರಾಪ್ ಮಾಡಿ ಸೇವ್ ಮಾಡಿ ನೋಡಿ, ಚೌಕಗಳ ಗೆರೆಯೇ ಜರುಗುತ್ತದೆ, ಹಳೆಯ ಚೌಕದ ಅಂಚು ಹೊಸ ಚೌಕದ ನಡುವೆ ಬರುತ್ತದೆ, ನಷ್ಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕ್ರಾಪ್, ಸಣ್ಣ ಕೋನದ ತಿರುಗಿಸುವಿಕೆ, ಸೈಜು ಬದಲಾವಣೆ ಇವೇ ಜೆಪೆಗ್‌ಗೆ ದೊಡ್ಡ ಪೆಟ್ಟು.

ಈಗ ಟಿಫ್ ವಿಷಯ. ಇರುವ ಜೆಪೆಗ್ ಅನ್ನು ಟಿಫ್ ಮಾಡಿದರೆ ಹೋದದ್ದು ಬರುವುದಿಲ್ಲ. ಚೊಂಬಿನ ನೀರನ್ನು ಹಂಡೆಗೆ ಸುರಿದ ಹಾಗೆ, ಪಾತ್ರೆ ಮಾತ್ರ ದೊಡ್ಡದು. ಲೆಕ್ಕ ಹಾಕಿ: 6000×4000 ಪಿಕ್ಸೆಲ್, ಪಿಕ್ಸೆಲ್‌ಗೆ 3 ಬೈಟ್, ಅಂದರೆ ಒಂದು ಫೋಟೋಗೆ 72 ಎಂಬಿ. ಜೆಪೆಗ್ ಒಂದಕ್ಕೆ 10 ಎಂಬಿ ಎಂದುಕೊಂಡರೆ ನಿಮ್ಮ 200 ಜಿಬಿಯಲ್ಲಿ 20,000 ಫೋಟೋ ಆಯಿತು, ಟಿಫ್ ಮಾಡಿದರೆ 1.4 ಟಿಬಿ ದಾಟುತ್ತದೆ. ನಿಮ್ಮ ಡಿಸ್ಕಿನಲ್ಲಿ ಹಿಡಿಸುವುದೇ ಇಲ್ಲ. ಪಿಎನ್‌ಜಿ ಮಾಡಿದರೆ ಇದಕ್ಕಿಂತ ಕಡಿಮೆ, ಆದರೂ ಮೂಲ ಜೆಪೆಗ್‌ನ ಮೂರು ನಾಲ್ಕು ಪಟ್ಟು. ಜೊತೆಗೆ ಬದಲಿಸುವ ಸಾಫ್ಟ್‌ವೇರ್ ಸರಿಯಿಲ್ಲದಿದ್ದರೆ ತೆಗೆದ ದಿನಾಂಕ, ಲೆನ್ಸ್ ವಿವರ, ಬಣ್ಣದ ಪ್ರೊಫೈಲ್ ಎಲ್ಲ ಉದುರಿಹೋಗುತ್ತವೆ. ಪಿಎನ್‌ಜಿಯಲ್ಲಿ ಎಕ್ಸಿಫ್ (ದಿನಾಂಕ, ಲೆನ್ಸ್‌ನಂಥ ವಿವರಗಳ ದಾಖಲೆ) ಇಡಲು ಅಧಿಕೃತ ಜಾಗ ಬಂದದ್ದೇ 2017ರಲ್ಲಿ, ಹಳೆಯ ಸಾಫ್ಟ್‌ವೇರ್ ಅದನ್ನು ಓದುವುದೂ ಇಲ್ಲ, ಬರೆಯುವುದೂ ಇಲ್ಲ.

ಹಾಗಾಗಿ ನನ್ನ ಪದ್ಧತಿ ಹೀಗೆ: ಕ್ಯಾಮೆರಾದಿಂದ ಬಂದ ಜೆಪೆಗ್ ಹೇಗಿದೆಯೋ ಹಾಗೇ ಇರಲಿ. ಆ ಫೋಲ್ಡರನ್ನು 'ಮೂಲ' ಎಂದು ಕರೆದು ಅದರೊಳಗೆ ಯಾರೂ ಏನೂ ತಿದ್ದಬಾರದು. ತಿದ್ದಬೇಕಾದ ಫೋಟೋದ ನಕಲು ತೆಗೆದು, ಕೆಲಸ ನಡೆಯುವಷ್ಟು ದಿನ 16 ಬಿಟ್ ಟಿಫ್ ಆಗಿಯೋ, ಗಿಂಪ್ ಬಳಸುವವರಾದರೆ ಎಕ್ಸ್‌ಸಿಎಫ್ ಆಗಿಯೋ ಇಡಿ. ಎಲ್ಲ ಮುಗಿದ ಮೇಲೆ ಒಂದೇ ಒಂದು ಸಲ ಜೆಪೆಗ್ ಎಕ್ಸ್‌ಪೋರ್ಟ್ ಮಾಡಿ. ಟಿಫ್‌ಗೆ ಅರ್ಥವಿರುವುದು ಇಲ್ಲಿ.

ಆ ಕೊನೆಯ ಎಕ್ಸ್‌ಪೋರ್ಟಿನಲ್ಲಿ ಒಂದು ಗುಂಡಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ, ಅದು ಸಬ್‌ಸ್ಯಾಂಪ್ಲಿಂಗ್. ಕುಪ್ಯಚೇಲೆಯ (ಕೊಡವ ಗಂಡಸರ ಉದ್ದ ಕೋಟು ಮತ್ತು ಸೊಂಟಪಟ್ಟಿಯ) ಫೋಟೋ ತೆಗೆದುಕೊಳ್ಳಿ. ಕಪ್ಪು ಕುಪ್ಯದ ಮೇಲೆ ಕೆಂಪು ರೇಷ್ಮೆಯ ಚೇಲೆ, ಅದರ ಮೇಲೆ ಜರಿ. 4:2:0 ಎಂದು ಸೇವ್ ಮಾಡಿದರೆ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೆ ಇರುತ್ತದೆ, ಬಣ್ಣದ ಮಾಹಿತಿ ಮಾತ್ರ 2×2ರ ನಾಲ್ಕು ಪಿಕ್ಸೆಲ್‌ಗೆ ಒಂದು. ಜೆಪೆಗ್‌ನ ಬೆಳಕಿನ ಲೆಕ್ಕದಲ್ಲಿ ಕೆಂಪಿನ ಪಾಲು 0.299 ಮಾತ್ರ, ಅಂದರೆ ಕಡು ಕೆಂಪಿನ ವಿವರ ಬಹುಪಾಲು ಕೂತಿರುವುದೇ ಆ ಬಣ್ಣದ ಪದರದಲ್ಲಿ. ಅದನ್ನೇ ಕಾಲುಭಾಗಕ್ಕೆ ಇಳಿಸಿದರೆ ಚೇಲೆಯ ಅಂಚು ಕಪ್ಪಿನೊಳಗೆ ಕಲಸಿದಂತೆ ಕಾಣುತ್ತದೆ, ಜರಿಯ ಎಳೆಗಳು ಕೆಂಪಿನಲ್ಲಿ ಮುಳುಗುತ್ತವೆ. 200% ಜೂಮ್ ಮಾಡಿ ನೋಡಿದರೆ ಸ್ಪಷ್ಟವಾಗಿ ತಿಳಿಯುತ್ತದೆ. ಗಿಂಪ್‌ನ ಜೆಪೆಗ್ ಎಕ್ಸ್‌ಪೋರ್ಟಿನಲ್ಲಿ ಅಡ್ವಾನ್ಸ್‌ಡ್ ತೆರೆದು 4:4:4 (ಪ್ರತಿ ಪಿಕ್ಸೆಲ್‌ಗೂ ಬಣ್ಣದ ಮಾಹಿತಿ) ಆರಿಸಿ, ಗುಣಮಟ್ಟ 92ರಿಂದ 95 ಇಡಿ. ಫೋಟೋಶಾಪ್‌ನ ಸೇವ್ ಆಸ್‌ನಲ್ಲಿ 7 ಮತ್ತು ಮೇಲಿನ ಅಂಕೆಗೆ ತಾನಾಗಿಯೇ 4:4:4 ಆಗುತ್ತದೆ.

ಅಡ್ಡ ಬಿದ್ದ ಫೋಟೋ ನೆಟ್ಟಗೆ ಮಾಡುವುದಕ್ಕಾಗಿ ಎಡಿಟರಿನಲ್ಲಿ ತೆರೆದು ಸೇವ್ ಮಾಡಬೇಡಿ. ಇರ್ಫಾನ್‌ವ್ಯೂನಲ್ಲಿ ಜೆಪೆಗ್ ಲಾಸ್‌ಲೆಸ್ ರೊಟೇಶನ್ ಇದೆ, ಅದು ಚೌಕಗಳನ್ನು ಬಿಚ್ಚದೆ ಹಾಗೆಯೇ ತಿರುಗಿಸುತ್ತದೆ. ಒಂದೇ ಷರತ್ತು, ಉದ್ದ ಅಗಲಗಳು 4:2:0 ಫೈಲಿನಲ್ಲಿ 16ರಿಂದ ಭಾಗವಾಗಬೇಕು. 6000×4000 ಸರಿಹೋಗುತ್ತದೆ, 4032×3024 ಕೂಡ. 4000×3000ರ ಮೊಬೈಲ್ ಫೋಟೋದಲ್ಲಿ 3000 ಭಾಗವಾಗುವುದಿಲ್ಲ, 8 ಪಿಕ್ಸೆಲ್‌ನ ಒಂದು ಪಟ್ಟಿ ಉಳಿಯುತ್ತದೆ. ಆ ಪಟ್ಟಿ ಕತ್ತರಿಸಿಹೋಗುತ್ತದೆ ಅಥವಾ ತಪ್ಪು ಜಾಗದಲ್ಲಿ ಕೂರುತ್ತದೆ. ಅಂಥ ಫೋಟೋಗಳಿಗೆ ಎಕ್ಸಿಫ್‌ನ ಓರಿಯೆಂಟೇಶನ್ ಮಾತ್ರ ಬದಲಿಸಿದರೆ ಸಾಕು, ಎಕ್ಸಿಫ್‌ಟೂಲ್ ಇದನ್ನು ಮಾಡುತ್ತದೆ.

ಮಾಂದಲಪಟ್ಟಿ ಮಂಜು ಉತ್ತರ:

ಮೇಲಿನವರು ಹೇಳಿದ್ದಕ್ಕೆ ರಾ ಬಗ್ಗೆ ಸೇರಿಸುತ್ತೇನೆ.

ನಮ್ಮಲ್ಲಿ ರಾ ಯಾಕೆ ಮುಖ್ಯ ಎನ್ನುವುದಕ್ಕೆ ಮಂಜೇ ಸಾಕ್ಷಿ. ಜೆಪೆಗ್ 8 ಬಿಟ್, ಒಂದು ಬಣ್ಣಕ್ಕೆ 256 ಹಂತ. 14 ಬಿಟ್ ರಾದಲ್ಲಿ 16,384. ರಾಜಾಸೀಟಿನಿಂದ ಬೆಳಗಿನ ಕಣಿವೆ ತೆಗೆದರೆ ಕಪ್ಪೂ ಇಲ್ಲ, ಬಿಳಿಯೂ ಇಲ್ಲ, ಇಡೀ ಚಿತ್ರ ಒಂದು ಸಣ್ಣ ಪಟ್ಟಿಯಲ್ಲಿ ಕೂತಿರುತ್ತದೆ. ಎಡದಿಂದ ಬಲಕ್ಕೆ ಬೆಳಕು 190ರಿಂದ 220ಕ್ಕೆ ಏರುತ್ತದೆ ಎಂದುಕೊಳ್ಳಿ. 6000 ಪಿಕ್ಸೆಲ್ ಅಗಲಕ್ಕೆ ಸಿಗುವುದು 31 ಹಂತ, ಒಂದೊಂದು ಹಂತ ಸುಮಾರು 200 ಪಿಕ್ಸೆಲ್ ಅಗಲ. ಮಂಜಿನ ಹಿಂದಿನ ಬೆಟ್ಟದ ಸಾಲು ಎದ್ದು ಕಾಣಲಿ ಎಂದು ಕಾಂಟ್ರಾಸ್ಟ್ ಎರಡು ಪಟ್ಟು ಎಳೆದ ಕೂಡಲೇ ಆ ಹಂತಗಳು ಮೆಟ್ಟಿಲಿನಂತೆ ಕಾಣಲು ಶುರುವಾಗುತ್ತವೆ. ಸೆನ್ಸರಿನ ಸಣ್ಣ ನಾಯ್ಸ್ ಇದ್ದಿದ್ದರೆ ಮೆಟ್ಟಿಲು ಮರೆಯಾಗುತ್ತಿತ್ತು, ಆದರೆ ಕ್ಯಾಮೆರಾ ನಾಯ್ಸ್ ಒರೆಸಿ ಜೆಪೆಗ್ ಮಾಡುವಾಗ ಅದೂ ಹೋಗಿರುತ್ತದೆ. ಆ ಜೆಪೆಗ್ ಅನ್ನು 16 ಬಿಟ್ ಟಿಫ್ ಮಾಡಿ ತಿದ್ದಿದರೆ ತಿದ್ದುವಾಗ ಹೊಸ ನಷ್ಟ ಸೇರುವುದಿಲ್ಲ ಅಷ್ಟೆ, 31 ಹಂತ 31ಕ್ಕೇ ನಿಲ್ಲುತ್ತದೆ. ಕಾಫಿ ಹೂವಿನದ್ದೂ ಇದೇ ಪಾಡು. ಬಿಸಿಲಲ್ಲಿ ಬಿಳಿ ಎಸಳು ಜೆಪೆಗ್‌ನಲ್ಲಿ 255ಕ್ಕೆ ಮುಟ್ಟಿ ಚಪ್ಪಟೆಯಾದರೆ ಮುಗಿಯಿತು. ರಾದಲ್ಲಿ ಅನೇಕ ಸಲ ಇನ್ನೂ ಸ್ವಲ್ಪ ವಿವರ ಉಳಿದಿರುತ್ತದೆ.

ಆದರೆ ರಾ ಎಂದ ಮಾತ್ರಕ್ಕೆ ನಷ್ಟವಿಲ್ಲ ಎಂದುಕೊಳ್ಳಬೇಡಿ, ಮೆನು ನೋಡಿ. ನಿಕಾನ್‌ನಲ್ಲಿ 'ಲಾಸ್‌ಲೆಸ್ ಕಂಪ್ರೆಸ್ಡ್' ಬೇರೆ, ಬರೀ 'ಕಂಪ್ರೆಸ್ಡ್' ಬೇರೆ, ಎರಡನೆಯದರಲ್ಲಿ ನಷ್ಟವಿದೆ. ಕ್ಯಾನನ್‌ನ ಸಿ-ರಾ ನಷ್ಟವಿರುವ ಸಂಕೋಚನ. ಸೋನಿಯಲ್ಲಿ 'ಕಂಪ್ರೆಸ್ಡ್' ಎಂದರೆ ನಷ್ಟವಿದೆ, ಹೊಸ ಕೆಲವು ಬಾಡಿಗಳಲ್ಲಿ 'ಲಾಸ್‌ಲೆಸ್ ಕಂಪ್ರೆಸ್ಡ್' ಇದೆ. 24 ಮೆಗಾಪಿಕ್ಸೆಲ್‌ಗೆ 14 ಬಿಟ್ ಅಂದರೆ ಸಂಕೋಚನವಿಲ್ಲದೆ 42 ಎಂಬಿ. ಲಾಸ್‌ಲೆಸ್ ಮಾಡಿದರೆ ಎಲೆ, ಹುಲ್ಲು, ತೋಟದಂಥ ವಿವರ ತುಂಬಿದ ಚಿತ್ರ ಕಡಿಮೆ ಇಳಿಯುತ್ತದೆ, ಮಂಜು ಆಕಾಶಗಳು ಹೆಚ್ಚು ಇಳಿಯುತ್ತವೆ. ಪಿಕ್ಸೆಲ್ ಮಾತ್ರ ಎರಡರಲ್ಲೂ ಒಂದೇ.

ಡಿಎನ್‌ಜಿ ಬಗ್ಗೆ. ಅಡೋಬಿ 2004ರಲ್ಲಿ ತಂದದ್ದು, ಅದರ ವಿವರಣೆ ಎಲ್ಲರಿಗೂ ಬಹಿರಂಗವಾಗಿದೆ, ಒಳಗೆ ಟಿಫ್‌ನ ರಚನೆಯೇ. ಇದರಲ್ಲಿ ನನಗೆ ಇಷ್ಟವಾಗುವುದು, ರಾ ಮಾಹಿತಿಯ ಚೆಕ್‌ಸಮ್ (ಮಾಹಿತಿ ಬದಲಾದರೆ ತೋರಿಸಿಕೊಡುವ ತಾಳೆ ಅಂಕೆ) ಫೈಲಿನೊಳಗೇ ಇರುತ್ತದೆ. ಲೈಟ್‌ರೂಮ್‌ನಲ್ಲಿ ವ್ಯಾಲಿಡೇಟ್ ಕೊಟ್ಟರೆ ಯಾವ ಫೈಲ್ ಕೆಟ್ಟಿದೆ ಎಂದು ತಿಳಿಯುತ್ತದೆ. ತೊಂದರೆಯೂ ಇದೆ. ನಿಕಾನ್, ಕ್ಯಾನನ್‌ಗಳ ಸ್ವಂತ ಸಾಫ್ಟ್‌ವೇರ್ ಹೀಗೆ ಬದಲಿಸಿದ ಡಿಎನ್‌ಜಿಯನ್ನು ತೆರೆಯುವುದಿಲ್ಲ. ತಿದ್ದುಪಡಿಗಳು ಫೈಲಿನೊಳಗೇ ಸೇರುವುದರಿಂದ ಒಂದು ರೇಟಿಂಗ್ ಕೊಟ್ಟರೂ ಇಡೀ ಫೈಲ್ ಬದಲಾದಂತೆ, ಬ್ಯಾಕಪ್ ಅದನ್ನು ಮತ್ತೆ ನಕಲು ಮಾಡುತ್ತದೆ. ಬದಲಿಸುವಾಗ 'ಲಾಸಿ' ಆಯ್ಕೆಗೆ ಗುರುತು ಬಿದ್ದಿದ್ದರೆ ರಾ ಹೋಯಿತು ಎಂದೇ ಲೆಕ್ಕ.

ನನ್ನ ಅಭಿಪ್ರಾಯ: ನಿಕಾನ್, ಕ್ಯಾನನ್, ಸೋನಿಗಳ ರಾವನ್ನು ಹಾಗೆಯೇ ಇಡಿ, ಅವುಗಳನ್ನು ಓದುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಬೇಕಾದಷ್ಟಿದೆ. ರಾ ಪಕ್ಕದಲ್ಲೇ ಇರುವ, ತಿದ್ದುಪಡಿ ಬರೆದಿಡುವ ಎಕ್ಸ್‌ಎಂಪಿ ಫೈಲುಗಳನ್ನು ಮರೆಯಬೇಡಿ. ಡಾರ್ಕ್‌ಟೇಬಲ್‌ನಲ್ಲಿ ನೀವು ಮಾಡಿದ ತಿದ್ದುಪಡಿಯೆಲ್ಲ ಆ ಕೆಲವೇ ಕೆಬಿಗಳಲ್ಲಿ ಇರುವುದು. ಬರೀ ರಾ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿದರೆ ಎರಡೂ ಬೇರೆಯಾಗುತ್ತವೆ. ಜೊತೆಗೆ, ರಾ ಎಂದರೆ ಸಿದ್ಧ ಚಿತ್ರವಲ್ಲ. ಐವತ್ತು ವರ್ಷದ ಮೇಲೆ ತೆರೆಯುವ ಸಾಫ್ಟ್‌ವೇರ್ ಇದೇ ಬಣ್ಣ ಕೊಡಬೇಕೆಂದಿಲ್ಲ. ಮದುವೆ, ಪುತ್ತರಿ, ಹಿರಿಯರ ಭಾವಚಿತ್ರ ಇಂಥವುಗಳಲ್ಲಿ ಆಯ್ದ ಕೆಲವನ್ನಾದರೂ ತಿದ್ದಿ ಮುಗಿಸಿ 16 ಬಿಟ್ ಟಿಫ್ ಆಗಿ, ಬಣ್ಣದ ಪ್ರೊಫೈಲ್ ಒಳಗೆ ಸೇರಿಸಿ ಇಡಿ. ಒಂದಕ್ಕೆ 144 ಎಂಬಿ ಆಗುತ್ತದೆ, ಇನ್ನೂರು ಫೋಟೋಗೆ 29 ಜಿಬಿ, ಅಷ್ಟು ಜಾಗ ಇವುಗಳಿಗೆ ಕೊಡಬೇಕು. 16 ಬಿಟ್ ಟಿಫ್‌ಗೆ ಎಲ್‌ಝಡ್‌ಡಬ್ಲ್ಯೂ ಸಂಕೋಚನ ಆರಿಸಬೇಡಿ, ಫೈಲ್ ಇಳಿಯುವ ಬದಲು ಹಿಗ್ಗುವುದೇ ಹೆಚ್ಚು. ಜಿಪ್ ಆರಿಸಿ. ಅದೇ ಪಟ್ಟಿಯಲ್ಲಿ ಜೆಪೆಗ್ ಎನ್ನುವ ಆಯ್ಕೆಯೂ ಕಾಣುತ್ತದೆ, ಅದನ್ನು ಒತ್ತಿದರೆ ಹೆಸರು ಟಿಫ್, ಒಳಗೆ ಜೆಪೆಗ್.

ಕೈಮಡ ಉತ್ತರ:

ಸ್ಕ್ಯಾನಿಂಗ್ ವಿಷಯಕ್ಕೆ ಯಾರೂ ಬಂದಿಲ್ಲ, ನಾನು ಬರೆಯುತ್ತೇನೆ. ಇಡೀ ಕೆಲಸದಲ್ಲಿ ಮತ್ತೆ ಮಾಡಲಾಗದ್ದು ಇದೊಂದೇ, ಯಾಕೆಂದರೆ ಆಲ್ಬಮ್ ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತಿದೆ. ಡಿಜಿಟಲ್ ಫೈಲುಗಳು ಕಾಯಲಿ, ಮೊದಲು ಇದನ್ನು ಮುಗಿಸಿ.

ಕಾಗದದ ಪ್ರಿಂಟಿಗೆ 600 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್) ಸಾಕು. 4×6 ಇಂಚಿಗೆ 2400×3600 ಪಿಕ್ಸೆಲ್, 8 ಬಿಟ್ ಬಣ್ಣದಲ್ಲಿ 26 ಎಂಬಿ, 16 ಬಿಟ್‌ನಲ್ಲಿ 52. 1200ಕ್ಕೆ ಏರಿಸಿದರೆ ಫೈಲ್ ನಾಲ್ಕು ಪಟ್ಟು ಆಗುತ್ತದೆ, ಆದರೆ ಪ್ರಿಂಟಿನಲ್ಲೇ ಅಷ್ಟು ವಿವರ ಇರುವುದಿಲ್ಲ, ಕಾಗದದ ನಾರು ದೊಡ್ಡದಾಗಿ ಕಾಣುತ್ತದೆ ಅಷ್ಟೆ. ಅಂಚೆಚೀಟಿ ಗಾತ್ರದ ಹಳೆಯ ಮುಖದ ಫೋಟೋ, ಗುಂಪು ಚಿತ್ರದ ಸಣ್ಣ ಮುಖಗಳು ಇದ್ದಲ್ಲಿ ಮಾತ್ರ 1200. 35 ಎಂಎಂ ನೆಗೆಟಿವ್‌ಗೆ 3200 ಪಿಪಿಐ, ಒಂದು ಫ್ರೇಮಿಗೆ ಸುಮಾರು 3024×4535, 16 ಬಿಟ್‌ನಲ್ಲಿ 82 ಎಂಬಿ. ನೆಗೆಟಿವ್‌ಗೆ 16 ಬಿಟ್ ಬೇಕೇ ಬೇಕು, ತಿರುಗುಮುರುಗು ಮಾಡಿ ಕಾಂಟ್ರಾಸ್ಟ್ ಎಳೆಯುವಾಗ ಮಂಜಿನ ಚಿತ್ರದ ಅದೇ ಮೆಟ್ಟಿಲುಗಳು ಬರುತ್ತವೆ.

ಫಾರ್ಮ್ಯಾಟು ಟಿಫ್, ಜಿಪ್ ಸಂಕೋಚನ ಇಲ್ಲವೇ ಸಂಕೋಚನವೇ ಬೇಡ. ಸ್ಕ್ಯಾನರಿನ ಸಾಫ್ಟ್‌ವೇರ್ ಮೊದಲಿಗೆ ಜೆಪೆಗ್ ಅಥವಾ ಪಿಡಿಎಫ್ ಎಂದೇ ಇಟ್ಟಿರುತ್ತದೆ, ಬದಲಿಸಿಕೊಳ್ಳಿ. ಶಾರ್ಪನಿಂಗ್, ಬಣ್ಣ ಸರಿಪಡಿಸುವುದು, ಧೂಳು ತೆಗೆಯುವುದು, ಎಲ್ಲವನ್ನೂ ಆಫ್ ಮಾಡಿ. ಇವನ್ನು ಆಮೇಲೆ ನಕಲಿನ ಮೇಲೆ ಮಾಡಬಹುದು. ಇನ್‌ಫ್ರಾರೆಡ್ ಬಳಸುವ ಧೂಳು ತೆಗೆಯುವ ಸೌಲಭ್ಯವಂತೂ ಕಪ್ಪುಬಿಳುಪು ನೆಗೆಟಿವ್‌ಗೆ ಹಾಕಲೇಬೇಡಿ. ಅದರಲ್ಲಿರುವ ಬೆಳ್ಳಿ ಇನ್‌ಫ್ರಾರೆಡ್ ಅನ್ನು ತಡೆಯುತ್ತದೆ, ಸಾಫ್ಟ್‌ವೇರ್ ಚಿತ್ರವನ್ನೇ ಧೂಳೆಂದು ತಿಳಿದು ಒರೆಸುತ್ತದೆ.

ಕಪ್ಪುಬಿಳುಪು ಪ್ರಿಂಟನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಹೊಗೆ, ತೇವದಿಂದ ಬಂದ ಹಳದಿ ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಾಗಿ ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಬಹುತೇಕ ಮಾಯವಾಗುತ್ತದೆ. ಆಮೇಲೆ ಕೆಂಪು ಚಾನೆಲ್ ಒಂದನ್ನೇ ತೆಗೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಕಲೆಯೂ ಚಿತ್ರವೂ ಒಂದೇ ಬೂದು, ಬೇರ್ಪಡಿಸಲಾಗದು.

ಗೋಡೆಯ ಚೌಕಟ್ಟಿನಲ್ಲಿ ಗಾಜಿಗೆ ಅಂಟಿಕೊಂಡ ಫೋಟೋ ಕೊಡಗಿನ ಮನೆಗಳಲ್ಲಿ ಸಾಮಾನ್ಯ. ಅದನ್ನು ಎಳೆದು ತೆಗೆಯಬೇಡಿ, ತೇವದಲ್ಲಿ ಮೆತ್ತಗಾಗಿ ಗಾಜಿಗೆ ಹಿಡಿದ ಜೆಲಟಿನ್ ಪದರ ಅಲ್ಲೇ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ಚೌಕಟ್ಟಿನಿಂದ ಗಾಜಿನ ಸಮೇತ ಬಿಡಿಸಿ, ಗಾಜು ಒರೆಸಿ, ಗಾಜಿನ ಮೂಲಕವೇ ಸ್ಕ್ಯಾನ್ ಮಾಡಿ. ಸ್ಕ್ಯಾನರ್ ಗಾಜಿಗೂ ಚೌಕಟ್ಟಿನ ಗಾಜಿಗೂ ನಡುವೆ ಮೂಲೆಗಳಲ್ಲಿ ತೆಳು ರಟ್ಟು ಇಟ್ಟರೆ ಕಾಮನಬಿಲ್ಲಿನಂಥ ಉಂಗುರಗಳು ಬೀಳುವುದಿಲ್ಲ. ಮಳೆ ಹಿಡಿದಿರುವಾಗ ಈ ಕೆಲಸ ಬೇಡ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿ ಒಣಗಿರುತ್ತದೆ, ಆಲ್ಬಮ್ಮಿನ ಪುಟಗಳೂ ಸುಲಭವಾಗಿ ಬಿಡುತ್ತವೆ. ಪ್ರಿಂಟಿನ ಹಿಂದೆ ಏನಾದರೂ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಅದೇ ಫೈಲ್ ಹೆಸರಿಗೆ 'ಹಿಂಬದಿ' ಎಂದು ಸೇರಿಸಿ.

ಹಾರಂಗಿ ದಡ ಉತ್ತರ:

ಐಫೋನಿನಿಂದ ಕಂಪ್ಯೂಟರಿಗೆ ಹಾಕುವ ಮುಂಚೆ ಫೋಟೋಸ್ ಸೆಟ್ಟಿಂಗಿನಲ್ಲಿ 'ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ' ಎಂಬಲ್ಲಿ 'ಕೀಪ್ ಒರಿಜಿನಲ್ಸ್' ಮಾಡಿ. 'ಆಟೋಮ್ಯಾಟಿಕ್' ಇದ್ದರೆ ವಿಂಡೋಸಿಗೆ ಹೋಗುವಾಗ ಎಚ್‌ಇಐಸಿಯನ್ನು ಬಿಚ್ಚಿ ಜೆಪೆಗ್ ಮಾಡಿ ಕಳಿಸುತ್ತದೆ, ಅಂದರೆ ಎರಡನೇ ಸಲದ ನಷ್ಟ. ಎಚ್‌ಇಐಸಿಯೂ ನಷ್ಟವಿರುವ ಫಾರ್ಮ್ಯಾಟೇ, ಆದರೆ ನಿಮ್ಮ ಕೈಯಲ್ಲಿರುವ ಮೂಲ ಅದು. ಹಾಗೆಯೇ ಇಟ್ಟು, ಕೇಳಿದವರಿಗೆ ಮಾತ್ರ ಜೆಪೆಗ್ ನಕಲು ಕೊಡಿ. ಐಫೋನಿನ ಬಣ್ಣದ ವ್ಯಾಪ್ತಿ ಡಿಸ್‌ಪ್ಲೇ ಪಿ3, ಪ್ರೊಫೈಲ್ ಬಿಟ್ಟು ಬದಲಿಸುವ ಆನ್‌ಲೈನ್ ಕನ್ವರ್ಟರ್‌ಗಳಲ್ಲಿ ಕೆಂಪು ಮಾಸಲಾಗಿ ಬರುತ್ತದೆ.

ವಾಟ್ಸಾಪಿನಲ್ಲಿ ಬಂದದ್ದು ಸೈಜು ಇಳಿದು ಮತ್ತೆ ಹಿಂಡಿದ ಪ್ರತಿ, ಎಚ್‌ಡಿ ಎಂದು ಕಳಿಸಿದರೂ ಮೂಲವಲ್ಲ. ತೆಗೆದ ದಿನಾಂಕವೂ ಅದರಲ್ಲಿ ಇರುವುದಿಲ್ಲ. ತೆಗೆದವರ ಮೊಬೈಲಿನಲ್ಲಿ ಮೂಲ ಇನ್ನೂ ಇದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸಲು ಕೇಳಿ, ಆಗ ಫೈಲ್ ಇದ್ದಂತೆ ಬರುತ್ತದೆ. ಮೂಲ ಇಲ್ಲವೆಂದಾದರೆ ಬಂದದ್ದನ್ನೇ ಇಡಿ, ದೊಡ್ಡದು ಮಾಡಲು ಹೋಗಬೇಡಿ. ಗೂಗಲ್ ಫೋಟೋಸ್‌ನಲ್ಲೂ 'ಒರಿಜಿನಲ್ ಕ್ವಾಲಿಟಿ' ಇದೆಯೇ ನೋಡಿಕೊಳ್ಳಿ, 'ಸ್ಟೋರೇಜ್ ಸೇವರ್' ಮತ್ತೆ ಹಿಂಡುತ್ತದೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದಿದ್ದರೆ ಇಳಿಸುತ್ತದೆ.

ನಾಲ್ಕುನಾಡು ಮತ್ತೆ ಕೇಳಿದ್ದು:

ಎಲ್ಲರಿಗೂ ವಂದನೆ. ಜೆಪೆಗ್ ಮುಟ್ಟುವುದಿಲ್ಲ, ಸ್ಕ್ಯಾನಿಂಗ್ ಮೊದಲು. ಎರಡು ಪ್ರಶ್ನೆ ಉಳಿದಿವೆ. ಜೆಪೆಗ್ ಎಕ್ಸ್‌ಎಲ್ ಎಂಬ ಹೊಸ ಫಾರ್ಮ್ಯಾಟಿಗೆ ಬದಲಿಸಿದರೆ ನಷ್ಟವಿಲ್ಲದೆ ಜಾಗ ಉಳಿಯುತ್ತದೆ ಎಂದು ಓದಿದೆ, ಮಾಡಬಹುದೇ? ಮತ್ತೆ, ನಕಲು ಸರಿಯಾಗಿ ಆಗಿದೆ ಎಂದು 20,000 ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುವುದೇ? ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದೇ ಹೇಳಲಾಗದು.

ಬ್ರಹ್ಮಗಿರಿ ಉತ್ತರ:

ಜೆಪೆಗ್ ಎಕ್ಸ್‌ಎಲ್‌ನದು ನಿಜ. ಹಳೆಯ ಜೆಪೆಗ್ ಫೈಲಿನ ಸಂಖ್ಯೆಗಳನ್ನು ಬಿಚ್ಚದೆ ಇನ್ನೂ ಬಿಗಿಯಾಗಿ ಕಟ್ಟಿಡುತ್ತದೆ, ಸುಮಾರು 20% ಉಳಿತಾಯ, ಬೇಕೆಂದಾಗ ಅದೇ ಜೆಪೆಗ್ ಬಿಟ್‌ಗೆ ಬಿಟ್ ವಾಪಸು ಬರುತ್ತದೆ. ಆದರೆ ಅದರ ಸ್ವಂತ ಸಿಜೆಎಕ್ಸ್‌ಎಲ್ ಉಪಕರಣಕ್ಕೆ ನೇರವಾಗಿ ಜೆಪೆಗ್ ಫೈಲನ್ನೇ ಕೊಡಬೇಕು, ಗುಣಮಟ್ಟದ ಆಯ್ಕೆ ಯಾವುದನ್ನೂ ಸೇರಿಸಬಾರದು. ಎಡಿಟರಿನಲ್ಲಿ ತೆರೆದು ಜೆಪೆಗ್ ಎಕ್ಸ್‌ಎಲ್ ಎಂದು ಸೇವ್ ಮಾಡಿದರೆ ಮೂಲ ಫೈಲ್ ವಾಪಸು ಸಿಗದು. ಕ್ರೋಮ್ 2022ರಲ್ಲಿ ಇದರ ಬೆಂಬಲ ಕೈಬಿಡುವುದಾಗಿ ಹೇಳಿತು, ಸಫಾರಿ 2023ರಲ್ಲಿ ಸೇರಿಸಿತು. ಉಳಿಯುವುದು 200 ಜಿಬಿಗೆ 40 ಜಿಬಿ. ಅಷ್ಟಕ್ಕಾಗಿ ಮನೆಯವರೆಲ್ಲರ ಕಂಪ್ಯೂಟರಿನಲ್ಲೂ ತೆರೆಯುವ ಫಾರ್ಮ್ಯಾಟನ್ನು ಬಿಡಬಾರದು ಎನ್ನುವುದು ನನ್ನ ಮಾತು.

ನಕಲಿನ ವಿಷಯ ಇದಕ್ಕಿಂತ ದೊಡ್ಡದು. 'ಕಟ್' ಬಳಸಲೇಬೇಡಿ, 'ಕಾಪಿ' ಮಾಡಿ, ಪರೀಕ್ಷಿಸಿ, ಆಮೇಲೆ ಬೇಕಿದ್ದರೆ ಮೂಲ ಜಾಗದಿಂದ ಅಳಿಸಿ. ಕರೆಂಟು ಹೋದಾಗ ಅರ್ಧ ಬರೆದ ಫೈಲ್ ಕೆಲವೊಮ್ಮೆ ಪೂರ್ತಿ ಸೈಜನ್ನೇ ತೋರಿಸುತ್ತದೆ, ಜಾಗ ಮೊದಲೇ ಕಾದಿರಿಸಿರುತ್ತದೆ, ಒಳಗೆ ಮಾಹಿತಿ ಇರುವುದಿಲ್ಲ. ಅಂಥ ಜೆಪೆಗ್ ತೆರೆದರೆ ಮೇಲರ್ಧ ಚಿತ್ರ, ಕೆಳಗೆ ಬೂದು. ಆದ್ದರಿಂದ ಸೈಜು ನೋಡಿ ತೃಪ್ತಿಪಡಬೇಡಿ. ಟೆರಾಕಾಪಿಯಲ್ಲಿ ವೆರಿಫೈ ಆನ್ ಮಾಡಿ ನಕಲಿಸಿ, ಅಥವಾ 7-ಜಿಪ್ ಇದ್ದರೆ ಎರಡೂ ಡಿಸ್ಕಿನ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಸಿಆರ್‌ಸಿ ಎಸ್‌ಎಚ್‌ಎ ಮೆನುವಿನಲ್ಲಿ ಎಸ್‌ಎಚ್‌ಎ-256 ಒತ್ತಿ. ಕೊನೆಯಲ್ಲಿ ಬರುವ ಉದ್ದ ಅಂಕೆ ಎರಡು ಕಡೆಯೂ ಒಂದೇ ಇದ್ದರೆ ಒಳಗಿನ ಪ್ರತಿ ಫೈಲೂ ಒಂದೇ. ಆ ಅಂಕೆಯನ್ನು ಬರೆದಿಟ್ಟು ವರ್ಷಕ್ಕೊಮ್ಮೆ ಮತ್ತೆ ಹಾಕಿ ನೋಡಿ.

ಇನ್ನು ಒಂದೇ ಡಿಸ್ಕ್ ಎಂದರೆ ಯಾವ ಫಾರ್ಮ್ಯಾಟೂ ಕಾಪಾಡದು. ಇನ್ನೂ ಎರಡು ಬೇಕು, ಅದರಲ್ಲಿ ಒಂದು ಕೊಡಗಿನ ಹೊರಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿರಲಿ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆಗೆ ಮನೆಯೇ ಹೋದ ಊರುಗಳು ನಮ್ಮವು. ಇಲ್ಲಿ ಇಡುವ ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ತೆಗೆದುಕೊಂಡರೆ ತೇವ ಹೀರಿ ತುಂಬಿದ್ದು ಕಣ್ಣಿಗೇ ಕಾಣುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಬಿಸಿ ಮಾಡಿ ಒಣಗಿಸಿ ವಾಪಸು ಹಾಕಬೇಕು. ತಣ್ಣಗಿನ ಡಿಸ್ಕನ್ನು ಡಬ್ಬಿಯಿಂದ ತೆಗೆದ ಕೂಡಲೇ ಚುಚ್ಚಬೇಡಿ, ಕೋಣೆಯ ಬಿಸಿಗೆ ಬರಲು ಅರ್ಧ ಗಂಟೆ ಬಿಡಿ.

ಕೈಮಡ ಉತ್ತರ:

ಹೊರಗಡೆ ಕಳಿಸುವ ಡಿಸ್ಕಿಗೆ ಸ್ಕ್ಯಾನ್ ಮಾಡಿದ ಟಿಫ್ ಮೊದಲು ಹೋಗಲಿ, ಕ್ಯಾಮೆರಾದವು ಆಮೇಲೆ. ಫೈಲಿನ ಹೆಸರು ವರ್ಷ-ತಿಂಗಳು-ದಿನ ಎಂದು ಶುರುವಾದರೆ ಯಾವ ಸಾಫ್ಟ್‌ವೇರ್ ಇಲ್ಲದೆಯೂ ಸಾಲಾಗಿ ನಿಲ್ಲುತ್ತವೆ. ದಿನ ಗೊತ್ತಿಲ್ಲದ ಹಳೆಯ ಫೋಟೋಗಳಿಗೆ 1960-00-00 ಎಂಬಂತೆ ಅಂದಾಜು ವರ್ಷ ಹಾಕಿ, ಫೋಟೋದಲ್ಲಿ ಇರುವವರ ಹೆಸರನ್ನು ಎಡದಿಂದ ಬಲಕ್ಕೆ ಅದೇ ಫೋಲ್ಡರಿನ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ, ಯುಟಿಎಫ್-8ರಲ್ಲಿ (ಕನ್ನಡ ಅಕ್ಷರಗಳನ್ನೂ ಉಳಿಸುವ ಎನ್‌ಕೋಡಿಂಗ್), ಕನ್ನಡದಲ್ಲೇ ಬರೆಯಿರಿ. ಹೆಸರು ಹೇಳಬಲ್ಲ ಹಿರಿಯರ ಎದುರು ಕೂತು ಈ ವಾರವೇ ಶುರುಮಾಡಿ.